ಲಕ್ಷದ್ವೀಪಕ್ಕೆ ವಿಮಾನ: ಬೇಸಗೆಯ ಪ್ರವಾಸಕ್ಕೆ ಎಷ್ಟು ಅನುಕೂಲ?

ನಮ್ಮ ಕಾಸರಗೋಡಿನ ಕಡಲ ತೀರದಲ್ಲಿ ನಿಂತು ನೈಋತ್ಯಕ್ಕೆ ದೃಷ್ಟಿ ಹಾಯಿಸಿದರೆ ಕಾಣುವುದು ಬರಿಯ ನೀರು. ಆದರೆ ಆ ನೀರಿನಾಚೆ ನಮ್ಮ ಹಳೆಯ ನೆರೆಹೊರೆಯವರಿದ್ದಾರೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಾಸರಗೋಡು ತಾಲೂಕೂ ಅದೇ ಜಿಲ್ಲೆಯದು. ದ್ವೀಪದವರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅವರು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದರು. ಆದ್ದರಿಂದ ಅವರ ಸುದ್ದಿ ನಮಗೆ ತೀರ ಪರಕೀಯವಲ್ಲ.

ಲಕ್ಷದ್ವೀಪದಲ್ಲಿ ಒಟ್ಟು 36 ದ್ವೀಪಗಳು; ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಎಲ್ಲವನ್ನೂ ಒಟ್ಟುಗೂಡಿಸಿದರೆ ಸುಮಾರು 32 ಚದರ ಕಿಲೋಮೀಟರ್ ನೆಲ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಕೊಚ್ಚಿಯಿಂದ ಹಡಗಿನಲ್ಲಿ ಹೊರಟರೆ ಹದಿನಾಲ್ಕು ಗಂಟೆಗೂ ಹೆಚ್ಚು ಕಾಲ ಬೇಕು. ವಿಮಾನದಲ್ಲಾದರೆ ಸುಮಾರು ಒಂದೂವರೆ ಗಂಟೆ ಸಾಕು. ವಿಮಾನ ನಿಲ್ದಾಣವಿರುವುದು ಅಗತ್ತಿ ದ್ವೀಪದಲ್ಲಿ. ಅದು ತೆರೆದದ್ದು 1988ರಲ್ಲಿ. ಬಹುಕಾಲ ಕೊಚ್ಚಿಯೊಂದಿಗೇ ಅದರ ಮುಖ್ಯ ಸಂಪರ್ಕವಿತ್ತು. 2024ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ದ್ವೀಪಕ್ಕೆ ಹೋಗಿ ಬಂದ ಮೇಲೆ ದೇಶವೆಲ್ಲ ಅದರ ಚಿತ್ರಗಳನ್ನು ನೋಡಿತು. ಆ ವರ್ಷವೇ ಗೋವಾದಿಂದಲೂ ಬೆಂಗಳೂರಿನಿಂದಲೂ ಅಗತ್ತಿಗೆ ಹೊಸ ವಿಮಾನಗಳು ಹಾರಿದುವು. ಇಂಥ ವಿಮಾನಗಳು ಹೆಚ್ಚಿದರೆ ಬೇಸಗೆ ರಜೆಯಲ್ಲಿ ಪ್ರವಾಸಿಗರು ಹೆಚ್ಚುವರೇ ಎಂಬುದೇ ಈಗಿನ ಪ್ರಶ್ನೆ.

ಹೆಚ್ಚುವರು, ಸಂಶಯವಿಲ್ಲ. ಎರಡು ದಿನ ಹಡಗಿನಲ್ಲೇ ಕಳೆಯಬೇಕೆಂದರೆ ಹಿಂಜರಿಯುವ ಸಂಸಾರವು, ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ದ್ವೀಪ ಸೇರಬಹುದೆಂದರೆ ಸಂತೋಷದಿಂದ ಹೊರಡುತ್ತದೆ. ಆದರೆ ವಿಮಾನ ತರುವ ಜನರನ್ನು ದ್ವೀಪ ತಡೆದುಕೊಳ್ಳಬೇಕಷ್ಟೆ. ಬೇಸಗೆಯೇ ಇದಕ್ಕೆ ಮೂರು ತೊಡಕುಗಳನ್ನು ಒಡ್ಡುತ್ತದೆ.

ವಿಮಾನದ್ದೇ ಮೊದಲು ನೋಡೋಣ. ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಉದ್ದ. ಎರಡು ತುದಿಗಳಲ್ಲೂ ಕಡಲು. ಎಪ್ಪತ್ತು ಚಿಲ್ಲರೆ ಆಸನಗಳ ಎ.ಟಿ.ಆರ್. 72 ವಿಮಾನ ಪೂರ್ಣ ಭಾರದೊಂದಿಗೆ ಮೇಲೇರಲು 1,300 ಮೀಟರಿಗೂ ತುಸು ಹೆಚ್ಚು ಓಟ ಬೇಕು. ಆದುದರಿಂದ ಭಾರ ಕಡಿಮೆ ಮಾಡಿ ಹಾರಬೇಕಾಗುತ್ತದೆ. ಕಾದ ಗಾಳಿಯ ಸಾಂದ್ರತೆ ಕಡಿಮೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಸಾಂದ್ರತೆ ತಗ್ಗಿದಂತೆ ರೆಕ್ಕೆಗೆ ಸಿಗುವ ಎತ್ತುವ ಬಲವೂ ತಗ್ಗುತ್ತದೆ. ಪ್ರವಾಸಿಗರು ಹೆಚ್ಚಾಗಿ ಬರುವ ಸೆಕೆಗಾಲದಲ್ಲೇ ವಿಮಾನದ ಶಕ್ತಿ ಕುಂದುವುದು ವಿಚಿತ್ರವಲ್ಲವೆ!

ಎರಡನೆಯದು ಕುಡಿಯುವ ನೀರು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಹವಳದ ದ್ವೀಪದಲ್ಲಿ ಹೊಳೆ ಇಲ್ಲ, ತೋಡಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಲೋಟದ ನೀರಿನ ಮೇಲೆ ತೆಂಗಿನೆಣ್ಣೆ ತೇಲುವುದನ್ನು ನೋಡಿ, ಹೆಚ್ಚುಕಡಿಮೆ ಹಾಗೆಯೇ. ಬಾವಿಯಿಂದ ಮಿತಿಮೀರಿ ಸೇದಿದರೆ ಅಡಿಯ ಉಪ್ಪುನೀರು ಮೇಲೇರುತ್ತದೆ. ಪಂಪು ಬಂದ ಮೇಲೆ ಈ ಅಪಾಯ ಹೆಚ್ಚಿತು. ಏಪ್ರಿಲ್, ಮೇ ತಿಂಗಳಲ್ಲಂತೂ ಸಿಹಿನೀರಿನ ಪದರ ಬಹಳ ತೆಳುವಾಗಿರುತ್ತದೆ.

ಇದನ್ನು ಅರಿತೇ ಕವರತ್ತಿಯಲ್ಲಿ 2005ರಲ್ಲಿಯೂ, ಅಗತ್ತಿ ಮತ್ತು ಮಿನಿಕಾಯ್‌ಗಳಲ್ಲಿ 2011ರಲ್ಲಿಯೂ ಕಡಲ ನೀರನ್ನು ಸಿಹಿಗೊಳಿಸುವ ಸ್ಥಾವರಗಳನ್ನು ಕಟ್ಟಿದರು. ಮೇಲ್ಪದರದ ಬಿಸಿನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಕಡಲಾಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಂಪಿಸಿ ಸಿಹಿನೀರು ಪಡೆಯುವ ಕ್ರಮವಿದು. ಪ್ರತಿಯೊಂದರ ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್.

ಒಂದು ಸಣ್ಣ ಲೆಕ್ಕ ಮಾಡೋಣ. ಅಗತ್ತಿಯ ಜನಸಂಖ್ಯೆ ಸುಮಾರು ಏಳೂವರೆ ಸಾವಿರ. ಒಂದು ಲಕ್ಷ ಲೀಟರನ್ನು ಹಂಚಿದರೆ ತಲೆಗೆ ಹದಿಮೂರು ಲೀಟರ್, ಅಂದರೆ ಒಂದು ಕೊಡಪಾನದಷ್ಟು. ಈಗ ದಿನಕ್ಕೊಂದು ಹೊಸ ವಿಮಾನ ಬಂದು 40 ಪ್ರವಾಸಿಗರನ್ನು ಇಳಿಸಿತೆಂದೂ, ಒಬ್ಬೊಬ್ಬರು ನಾಲ್ಕು ದಿನ ಉಳಿಯುವರೆಂದೂ ಇಟ್ಟುಕೊಳ್ಳಿ. ಯಾವಾಗ ನೋಡಿದರೂ 160 ಮಂದಿ ಅತಿಥಿಗಳು. ಸ್ನಾನ, ಬಟ್ಟೆ, ಅಡುಗೆ ಸೇರಿ ಒಬ್ಬರಿಗೆ 150 ಲೀಟರ್ ಎಂದರೆ 24,000 ಲೀಟರ್! ಸ್ಥಾವರದ ನೀರಿನ ಕಾಲು ಭಾಗದಷ್ಟಾಯಿತು. ಅವರಲ್ಲಿ ಕೆಲವರು ದೋಣಿಯಲ್ಲಿ ಬಂಗಾರಂಗೋ ಕಡಮತ್‌ಗೋ ಹೋಗಬಹುದು. ಅಲ್ಲಿಯೂ ನೀರು ಬೇಕೇ ಬೇಕು. ಆದಕಾರಣ ಎಷ್ಟು ಪ್ರವಾಸಿಗರು ಬರಬಹುದೆಂಬುದನ್ನು ವಿಮಾನದ ಆಸನಗಳನ್ನು ಎಣಿಸಿ ಹೇಳಲಾಗದು, ನೀರನ್ನು ಅಳೆದೇ ಹೇಳಬೇಕು.

ಇನ್ನು ಹವಳ. ಸಮುದ್ರದ ನೀರು ಅತಿಯಾಗಿ ಕಾದು ವಾರಗಟ್ಟಲೆ ಹಾಗೇ ಉಳಿದರೆ, ಹವಳದೊಳಗೆ ಬಾಳುವ ಸೂಕ್ಷ್ಮ ಪಾಚಿ ಹೊರಬಿದ್ದು ಹವಳ ಬಿಳುಚಿಕೊಳ್ಳುತ್ತದೆ. 1998, 2010, 2016, 2024 ಈ ವರ್ಷಗಳ ಬೇಸಗೆಯಲ್ಲಿ ಹೀಗಾಯಿತು. ಬಿಳುಚಿದ ಹವಳವನ್ನು ಕಾಲಿಂದ ತುಳಿದರೆ, ದೋಣಿಯ ಲಂಗರು ತಗಲಿದರೆ ಚೇತರಿಕೆ ಇನ್ನೂ ಕಷ್ಟ.

ಹಾಗಾದರೆ ವಿಮಾನ ಬೇಡವೇ? ನಾನು ಹಾಗೆನ್ನಲಾರೆ. ದ್ವೀಪದಲ್ಲಿ ಮೀನು, ತೆಂಗು, ಸರಕಾರಿ ನೌಕರಿ ಬಿಟ್ಟರೆ ಸಂಪಾದನೆಯ ದಾರಿಗಳು ಕಡಿಮೆ. ಮನೆಯ ಒಂದು ಕೋಣೆಯನ್ನು ಅತಿಥಿಗಳಿಗೆ ಕೊಡುವವನಿಗೂ, ದೋಣಿ ನಡೆಸುವವನಿಗೂ ನಾಲ್ಕು ಕಾಸು ಬಂದರೆ ಒಳ್ಳೆಯದೇ. ಆದರೆ ಬೇಸಗೆಯಲ್ಲಿ ಕೊಚ್ಚಿ, ಕಲ್ಲಿಕೋಟೆಯ ಕಾಲೇಜುಗಳಲ್ಲಿ ಓದುವ ದ್ವೀಪದ ಮಕ್ಕಳೂ ಊರಿಗೆ ಹೊರಡುತ್ತಾರೆ. ಆಸ್ಪತ್ರೆಗೆ ಬಂದವರೂ ಮರಳುತ್ತಾರೆ. ತಿಂಗಳ ಮೊದಲೇ ಪ್ರವಾಸಿಗರು ಆಸನಗಳನ್ನೆಲ್ಲ ಕಾದಿರಿಸಿದರೆ ಅವರು ಎಲ್ಲಿ ಕೂರಬೇಕು? ಒಂದಿಷ್ಟು ಆಸನ ದ್ವೀಪದವರಿಗೆಂದೇ ಮೀಸಲಿರಬೇಕು.

ಬೇಸಗೆಯ ಪ್ರವಾಸಿಗರ ಹಣದಿಂದ ವಿಮಾನವು ವರ್ಷವಿಡೀ ಹಾರುವಂತಾದರೆ ಅದು ದೊಡ್ಡ ಲಾಭ. ಜೂನ್ ತಿಂಗಳಲ್ಲಿ ಕಡಲು ಕೆರಳಿದಾಗ ಪ್ರವಾಸಿಗರು ಯಾರೂ ಅತ್ತ ಸುಳಿಯುವುದಿಲ್ಲ. ಹಡಗಿನಿಂದ ದೋಣಿಗೆ, ದೋಣಿಯಿಂದ ಕಟ್ಟೆಗೆ ಇಳಿಯುವುದೇ ಆಗ ಪ್ರಾಣಸಂಕಟ. ಹೆರಿಗೆಗೆಂದು ಕೊಚ್ಚಿಗೆ ಹೋಗಬೇಕಾದ ಹೆಂಗಸಿಗೆ ಆಗಲೇ ವಿಮಾನ ಬೇಕಾಗುವುದು.