ಬದುವಿನ ಜಗಳವೂ ಮಕ್ಕಳ ಕೈಯ ದೊಣ್ಣೆಯೂ



ರಾಗಿಗೆ ಬೀಳುವ ಬೆಂಕಿ ರೋಗದ ವಿಚಾರವನ್ನು ಈ ಸಂಚಿಕೆಯಲ್ಲಿ ಬರೆಯುವುದಾಗಿ ಹೋದ ಸಲ ತಿಳಿಸಿದ್ದೆನು. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಬೇರೊಂದು ವಿಷಯವನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಸುಗ್ಗಿ ಮುಗಿದ ಮೇಲೆ ನಮ್ಮ ಬ್ಲಾಕಿನ ಒಂದು ಊರಿನಲ್ಲಿ ಜಾತ್ರೆ ನಡೆಯಿತು. ಆ ರಾತ್ರಿ ಹದಿನೇಳು ವರ್ಷದ ಒಬ್ಬ ಹುಡುಗನು ತನ್ನ ಓರಗೆಯ ಇನ್ನೊಬ್ಬನ ತಲೆಗೆ ದೊಣ್ಣೆಯಿಂದ ಹೊಡೆದನು. ಪೆಟ್ಟು ತಿಂದವನು ಬದುಕಿಕೊಂಡನು. ಎಡಗಿವಿ ಮಾತ್ರ ಕೇಳಿಸದಂತಾಗಿದೆ. ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಇಂಥ ಪ್ರಕರಣಗಳಲ್ಲಿ ಮಕ್ಕಳ ಹೆಸರು, ಗುರುತು ಅಚ್ಚು ಹಾಕುವುದಕ್ಕೆ ಕಾನೂನಿನ ಅಡ್ಡಿಯೂ ಇದೆ. ಹೊಡೆದವನ ಮನೆಯನ್ನು ಮೂಡಲ ಮನೆಯೆಂದೂ, ಪೆಟ್ಟು ತಿಂದವನ ಮನೆಯನ್ನು ಪಡುವಲ ಮನೆಯೆಂದೂ ಕರೆಯೋಣ. ಅವರ ಹೊಲಗಳು ಅಕ್ಕಪಕ್ಕದಲ್ಲಿ ಹಾಗೆಯೇ ಇವೆ.

ಮಾರನೆಯ ದಿನ ಅರಳಿಕಟ್ಟೆಯ ಮೇಲೆ ಕುಳಿತವರೆಲ್ಲರ ಬಾಯಲ್ಲೂ ಒಂದೇ ಮಾತು. "ಈಗಿನ ಹುಡುಗರೇ ಹಿಂಗೆ ಕಣ್ರಪ್ಪ." ಮೊಬೈಲು ಕೆಡಿಸಿತು ಎಂದರು ಕೆಲವರು. ಸಿನಿಮಾ ಎಂದರು, ತಾಯಿಯ ಮುದ್ದು ಎಂದರು. ಇವು ಯಾವುವೂ ಕಾರಣವಲ್ಲವೆಂದು ನಾನು ವಾದಿಸಲಾರೆ. ಆದರೆ ಆ ಎರಡು ಮನೆಗಳನ್ನೂ ನಾಲ್ಕು ವರ್ಷದಿಂದ ಕಂಡು ಬಲ್ಲವನಾದ ನನಗೆ ಆ ದೊಣ್ಣೆ ಜಾತ್ರೆಯ ರಾತ್ರಿ ಎಲ್ಲಿಂದಲೋ ಬಂದದ್ದೆಂದು ತೋರಲಿಲ್ಲ. ಬೆಳೆಯಲ್ಲಿ ಹುಳು ಕಂಡಾಗ ಮೊಟ್ಟೆ ಎಲ್ಲಿತ್ತೆಂದು ಎಲೆಯ ಅಡಿಯನ್ನು ಮಗುಚಿ ನೋಡಿ ಎಂದು ತಮಗೆ ಹೇಳುವುದು ನನ್ನ ಉದ್ಯೋಗ. ಇಲ್ಲಿಯೂ ಹಾಗೆ ಮಗುಚಿ ನೋಡೋಣ.

ಎರಡು ಮನೆಯವರೂ ದಾಯಾದಿಗಳು. ತಾತಂದಿರ ಕಾಲದಲ್ಲಿ ಹೊಲ ಪಾಲಾಗಿ, ಪೋಡಿಯೂ ಆಗಿ, ಹಿಸ್ಸಾ ನಂಬರೂ ಬಿದ್ದಿದೆ. ಆದರೂ ನಡುವಣ ಬದು ವರ್ಷಕ್ಕೊಂದು ಸಾಲಿನಂತೆ ಸವೆಯುತ್ತಾ ಬಂತು. ಈಚಿನವರು ಒಂದು ವರ್ಷ ನೇಗಿಲನ್ನು ತುಸು ಒತ್ತಿ ಹೂಡಿದರೆ, ಆಚಿನವರು ಮರುವರ್ಷ ಅದಕ್ಕೆ ಸೇಡು ತೀರಿಸಿಕೊಂಡರು. ಟ್ರ್ಯಾಕ್ಟರು ಬಂದ ಮೇಲೆ ಒಂದೇ ಸಲಕ್ಕೆ ಮೊಳದಷ್ಟು ಹೋಗತೊಡಗಿತು. ಇಷ್ಟೆಲ್ಲ ಇದ್ದರೂ ಹುಡುಗರಿಬ್ಬರೂ ಒಂದೇ ಶಾಲೆಗೆ ಹೋದವರು, ಒಂದೇ ಕಬಡ್ಡಿ ತಂಡದಲ್ಲಿ ಆಡಿದವರು. ಕಡಲೆಕಾಯಿಗೆ ಹಂದಿಯ ಕಾಟ ಬಂದಾಗ ಇಬ್ಬರೂ ಒಂದೇ ಅಟ್ಟಣೆಯ ಮೇಲೆ ಕಾವಲು ಮಲಗಿದ್ದನ್ನು ನಾನೇ ನೋಡಿದ್ದೇನೆ.

ಎರಡು ವರ್ಷದ ಹಿಂದೆ, ಮುಂಗಾರಿಗೆ ಮೊದಲು, ಮೂಡಲ ಹೊಲದ ಮಣ್ಣಿನ ಮಾದರಿ ತೆಗೆಯುವುದಕ್ಕೆ ನಾನು ಹೋಗಿದ್ದೆನು. ಗುದ್ದಲಿಯಿಂದ ಅರ್ಧ ಅಡಿ ಆಳದ ಗುಂಡಿ ತೋಡಿ, ಅಂಚಿನ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿ ಕೆರೆದು ಚೀಲಕ್ಕೆ ತುಂಬುತ್ತಿದ್ದೆನು. ಯಜಮಾನರು ಬದುವಿನ ಮೇಲೆ ನಿಂತು ಮಗನನ್ನು ಕೂಗಿದರು. "ಲೋ, ಆ ಕಲ್ಲು ಕಿತ್ತು ಆಚೆಗೆ ಹಾಕೋ. ಅವರಪ್ಪ ಬಂದು ಕೇಳಲಿ ನೋಡೋಣ. ಗಂಡಸಲ್ವೇನೋ ನೀನು?" ಹುಡುಗನಿಗೆ ಆಗ ಹದಿನೈದು. ಅವನು ತಕ್ಷಣ ಬಗ್ಗಲಿಲ್ಲ. ಮೊದಲು ನನ್ನ ಮುಖ ನೋಡಿದನು. ನಾನು ಚೀಲದ ಚೀಟಿಯ ಮೇಲೆ ಸರ್ವೆ ನಂಬರು ಬರೆಯುತ್ತಾ ತಲೆ ತಗ್ಗಿಸಿಕೊಂಡೆನು. ಎಲ್ಲೆಕಲ್ಲು ಕೀಳುವುದು ಅಪರಾಧವೆಂದು ನನಗೆ ಗೊತ್ತಿತ್ತು. ಆದರೆ ಮಣ್ಣು ನನ್ನ ಇಲಾಖೆಯದು, ಕಲ್ಲು ಕಂದಾಯದವರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆನು. ಅವನು ಕಲ್ಲನ್ನು ಕಿತ್ತನು.

ಆಮೇಲೆ ಊರು ಏನು ಮಾಡಿತು ನೋಡಿ. ಅದೇ ವರ್ಷ ಶಾಲೆಯಲ್ಲಿ ಅವನು ಯಾರಿಗೋ ಹೊಡೆದನು. ಮುಖ್ಯೋಪಾಧ್ಯಾಯರು ತಂದೆಗೆ ಎರಡು ಸಲ ಹೇಳಿಕಳುಹಿಸಿದರು. ತಂದೆ ಹೋಗಲಿಲ್ಲ. ಆದರೆ ವಿಷಯ ಗೊತ್ತಾದ ರಾತ್ರಿ ಬಾರುಕೋಲಿನಿಂದ ಮಗನ ಬೆನ್ನ ಮೇಲೆ ಬರೆ ಬರುವಂತೆ ಬಾರಿಸಿದರು. ಹೊಡೆಯಬಾರದೆಂದು ಹೊಡೆದೇ ಕಲಿಸುವ ಈ ಪದ್ಧತಿ ನಮ್ಮ ಬಹಳ ಮನೆಗಳಲ್ಲಿದೆ. ಅದರಿಂದ ಹುಡುಗ ಕಲಿಯುವುದು ಬಲವಿದ್ದವನು ಹೊಡೆಯಬಹುದೆಂಬ ಪಾಠವೊಂದನ್ನೇ. ಇತ್ತ ಟೀ ಅಂಗಡಿಯಲ್ಲಿ ಅವನಿಗೆ ಬೋಂಡ ಕೊಡಿಸಿ, "ನಿಮ್ಮಪ್ಪನ ಮಗ ಕಣೋ ನೀನು" ಎಂದು ಬೆನ್ನು ತಟ್ಟಿದವರೂ ಇದ್ದರು. ಹತ್ತನೆಯ ತರಗತಿಯಲ್ಲಿ ಎರಡು ವಿಷಯ ಹೋದ ಮೇಲೆ ಮರುಪರೀಕ್ಷೆಗೆ ಕಟ್ಟಿಸಿದವರು ಯಾರೂ ಇಲ್ಲ. ಜಾತ್ರೆಯ ತೇರಿನ ಕೆಲಸಕ್ಕೆ ಹುಡುಗರನ್ನು ಕರೆದು, ಕೂಲಿಯ ಬದಲು ಕುಡಿಯಲು ಕೊಡಿಸಿದರೆಂದೂ ಕೇಳಿದೆನು. ವೈದ್ಯರ ಮಾತಿಲ್ಲದೆ ಮಕ್ಕಳಿಗೆ ಮದ್ಯ, ತಂಬಾಕು ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆಯೂ 1 ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಜಾತ್ರೆ ಸಮಿತಿಯವರು ಇದನ್ನು ಗಟ್ಟಿಯಾಗಿ ಓದಿಕೊಳ್ಳಬೇಕೆಂದು ನನ್ನ ವಿನಂತಿ.

ಆ ರಾತ್ರಿ ನಾಟಕ ನೋಡಲು ಚಾಪೆ ಹಾಸುವ ಜಾಗಕ್ಕೆ ಮಾತು ಬೆಳೆಯಿತು. ಪಡುವಲ ಮನೆಯ ಹುಡುಗ "ಬದು ತಿಂದವನ ಮಗ" ಎಂದು ಅಂದನು. ಇದು ಅವನ ಸ್ವಂತ ಮಾತಲ್ಲ. ಅವನ ಮನೆಯಲ್ಲಿ ಉಣ್ಣುವ ಹೊತ್ತಿನಲ್ಲಿ ದಿನವೂ ಕೇಳಿಸುವ ಮಾತು. ಸುತ್ತ ಐವತ್ತು ಜನ ದೊಡ್ಡವರಿದ್ದರು. ಬಿಡಿಸುವುದಕ್ಕೆ ಬಂದವರು ಇಬ್ಬರು ಹೆಂಗಸರು ಮಾತ್ರ. ಹಿಂದಿನಿಂದ "ಬಿಡಬೇಡ ಕಣೋ" ಎಂದ ದನಿ ಯಾರದೆಂದು ಇಂದಿನವರೆಗೂ ಯಾರೂ ಹೇಳುತ್ತಿಲ್ಲ. ಆ ದನಿಯವರು ಈ ಪತ್ರಿಕೆಯನ್ನೂ ಓದುತ್ತಿರಬಹುದು.

ಬೆಳಗಾಗುವಷ್ಟರಲ್ಲಿ ಹಿರಿಯರ ಆಲೋಚನೆ ತಯಾರಾಗಿತ್ತು. ಆಸ್ಪತ್ರೆಯ ಖರ್ಚು ಕೊಟ್ಟು ಮುಗಿಸುವುದು, ಹುಡುಗನನ್ನು ಬೆಂಗಳೂರಿನ ನೆಂಟರ ಮನೆಯಲ್ಲಿ ಬಚ್ಚಿಡುವುದು. ಅವನನ್ನು ಕಳುಹಿಸಿಯೂ ಬಿಟ್ಟರು. ಆರನೆಯ ದಿನ ತಾಯಿಯೇ ಬಸ್ಸು ಹತ್ತಿ ಹೋಗಿ ಕರೆತಂದರು. "ಬಚ್ಚಿಟ್ಟರೆ ಕಳ್ಳನಾಗ್ತಾನೆ ಸ್ವಾಮಿ, ಹೊಡೆದವನಾಗಿಯೇ ಇರಲಿ" ಎಂದು ಆಕೆ ಹೇಳಿದರು. ಆಕೆಯ ಮುದ್ದಿನಿಂದ ಮಗ ಕೆಟ್ಟನೆಂದು ಕಟ್ಟೆಯ ಮೇಲೆ ಹೇಳಿದ್ದರೆಂಬುದನ್ನು ಇಲ್ಲಿ ನೆನಪು ಮಾಡುತ್ತೇನೆ.

ಮಗನನ್ನು ಪೊಲೀಸರ ಮುಂದೆ ತಂದರೆ ಜೈಲಿಗೆ ಹಾಕಿಬಿಡುತ್ತಾರೆಂಬ ಹೆದರಿಕೆಯೇ ಬಚ್ಚಿಡುವುದಕ್ಕೆ ಮೂಲ. ಆದ್ದರಿಂದ ಕಾನೂನನ್ನು ಸ್ವಲ್ಪ ವಿವರವಾಗಿ ತಿಳಿಸುತ್ತೇನೆ. ಈಗ ನಡೆಯುತ್ತಿರುವುದು 2015ರ ಬಾಲ ನ್ಯಾಯ ಕಾಯಿದೆ. ಅದು 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 18 ವರ್ಷ ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಂದೆತಾಯಿಗೆ ತಿಳಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಜಾಮೀನು ಕೊಡುವುದೇ ಸಾಮಾನ್ಯ ನಿಯಮ. ಹುಡುಗನು ಕೆಟ್ಟ ಸಹವಾಸಕ್ಕೆ ಬೀಳುವಂತಿದ್ದರೆ, ಅವನಿಗೇ ಅಪಾಯವಿದ್ದರೆ, ಇಲ್ಲವೆ ನ್ಯಾಯಕ್ಕೆ ಅಡ್ಡಿಯಾಗುವಂತಿದ್ದರೆ ಮಾತ್ರ ವೀಕ್ಷಣಾಲಯದಲ್ಲಿ ಇಡುತ್ತಾರೆ. ಆದರೆ ಹುಡುಗನೆಂದು ಏನು ಮಾಡಿದರೂ ನಡೆಯುತ್ತದೆಂದು ಯಾರೂ ತಿಳಿಯಬೇಡಿ. 16 ವರ್ಷ ತುಂಬಿದವನು ಕೊಲೆಯಂಥ ಘೋರ ಅಪರಾಧ ಮಾಡಿದರೆ, ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಹೆಚ್ಚು ಇರುವಂಥದ್ದಾದರೆ, ಮಂಡಳಿಯು ಅವನ ಮನಸ್ಸಿನ ಬೆಳವಣಿಗೆಯನ್ನು ಪರಿಶೀಲಿಸಿ, ದೊಡ್ಡವರಂತೆ ವಿಚಾರಣೆಯಾಗಲು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ನಮ್ಮ ಹುಡುಗನ ದೊಣ್ಣೆ ಎರಡಂಗುಲ ಈಚೆಗೆ ಬಿದ್ದಿದ್ದರೆ ಆ ಮಾತೂ ಬರುತ್ತಿತ್ತು.

ತಂದೆತಾಯಿಯ ಹೊಣೆಯನ್ನು ಈ ಕಾಯಿದೆ ಮರೆತಿಲ್ಲ. ಬುದ್ಧಿ ಹೇಳಿ ಮನೆಗೆ ಕಳುಹಿಸುವಾಗ ಹುಡುಗನಿಗೆ ಮಾತ್ರವಲ್ಲ, ತಂದೆತಾಯಿಗೂ ಆಪ್ತ ಸಲಹೆ ಕೊಡಿಸಬೇಕೆಂದು ಅದರಲ್ಲಿದೆ. ದಂಡವನ್ನು ತಂದೆತಾಯಿ ಕಟ್ಟುವಂತೆ ಆಜ್ಞೆ ಮಾಡಬಹುದು. ಸಮುದಾಯ ಸೇವೆ ಮಾಡಿಸಬಹುದು. 3 ವರ್ಷ ಮೀರದಂತೆ ಒಳ್ಳೆಯ ನಡತೆಗೆ ಮುಚ್ಚಳಿಕೆ ಬರೆಸಿಕೊಂಡು ತಂದೆತಾಯಿಯ ವಶಕ್ಕೇ ಕೊಡಬಹುದು. ವಾಹನದ ವಿಷಯದಲ್ಲಂತೂ ಕಾನೂನು ಇನ್ನೂ ಬಿಗಿ. 2019ರ ತಿದ್ದುಪಡಿಯ ಮೇಲೆ, 18 ತುಂಬದ ಮಗ ವಾಹನ ಓಡಿಸಿ ಅಪರಾಧ ಮಾಡಿದರೆ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಎಣಿಸುತ್ತಾರೆ. 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ತಮಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದು ರುಜುವಾತು ಮಾಡಿದರೆ ಮಾತ್ರ ಬಿಡುಗಡೆ. ಮಗ ಬೈಕಿನಲ್ಲಿ ಹಾಲು ಹಾಕಿ ಬರುತ್ತಾನೆಂದು ಹೆಮ್ಮೆಪಡುವವರು ಇದನ್ನೂ ಗಮನಿಸಿ.

ಊರಿನ ಹೊಣೆಯನ್ನು ಯಾವ ಮುಚ್ಚಳಿಕೆಯಲ್ಲಿ ಬರೆಸುವುದು? ಅದಕ್ಕೆ ಕಾಗದವಿಲ್ಲ. ಆದರೆ ಒಂದು ಸಂದರ್ಭ ಬಂತು. ಇಂಥ ಹುಡುಗನ ಮನೆ, ಶಾಲೆ, ಗೆಳೆಯರು, ಬೆಳೆದ ಬಗೆ ಇವನ್ನೆಲ್ಲ ವಿಚಾರಿಸಿ ಪರಿವೀಕ್ಷಣಾಧಿಕಾರಿಯು ಮಂಡಳಿಗೆ ಸಾಮಾಜಿಕ ತನಿಖಾ ವರದಿ ಕೊಡಬೇಕೆಂದು ನಿಯಮವಿದೆ. ಹಾಗೆ ಒಬ್ಬ ಹೆಣ್ಣುಮಗಳು ಆ ಊರಿಗೆ ಬಂದರು. ಅರಳಿಕಟ್ಟೆಯಲ್ಲಿ ಕುಳಿತು, ಈ ಮನೆಗಳ ನಡುವೆ ಮೊದಲಿನಿಂದ ಏನಾದರೂ ಇತ್ತೇ, ಹುಡುಗನಿಗೆ ಯಾರಾದರೂ ಬುದ್ಧಿ ಹೇಳಿದ್ದರೇ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. "ಹುಡುಗ ಒಳ್ಳೆಯವನೇ ಅಮ್ಮ" ಎಂದೊಬ್ಬರು, "ನಮಗೇನೂ ಗೊತ್ತಿಲ್ಲ" ಎಂದೊಬ್ಬರು. ಆಕೆ ಪುಸ್ತಕ ಮುಚ್ಚುವ ಹೊತ್ತಿಗೆ ಹುಡುಗನ ತಂದೆ ನನ್ನ ಕಡೆ ತಿರುಗಿ, "ಆವತ್ತು ಕಲ್ಲು ಕೀಳಿಸಿದಾಗ ನೀವೂ ಅಲ್ಲೇ ಇದ್ರಲ್ಲ ಸ್ವಾಮಿ" ಎಂದರು. ಅವರು ನನ್ನನ್ನು ದೂರುವುದಕ್ಕೆ ಅಂದರೋ, ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಅಂದರೋ ತಿಳಿಯಲಿಲ್ಲ. ಇದ್ದೆನೆಂದು ಹೇಳಿ, ಕಂಡದ್ದನ್ನೆಲ್ಲ ಬರೆಸಿದೆನು. ಆಮೇಲೆ ಟೀ ಅಂಗಡಿಯವರೂ ಎರಡು ಮಾತು ಸೇರಿಸಿದರು.

ಹುಡುಗನು ಹೊಡೆದದ್ದು ತಪ್ಪಲ್ಲವೆಂದು ಇದರ ಅರ್ಥವಲ್ಲ. ಅವನಿಗೆ ಬುದ್ಧಿ ತಿಳಿದಿತ್ತು, ದೊಣ್ಣೆ ಅವನ ಕೈಯಲ್ಲಿತ್ತು. ಅದೇ ಮಾತಿಗೆ ಇನ್ನೊಬ್ಬ ಹುಡುಗ ಎದ್ದು ಮನೆಗೆ ಹೋಗುತ್ತಿದ್ದನು. ಆದರೆ ಅವನಿಗೆ ಶಿಕ್ಷೆಯಾದೊಡನೆ ನಾವೆಲ್ಲ ಕೈ ತೊಳೆದುಕೊಂಡು ಮನೆಗೆ ಹೋಗುವುದು ನನಗೆ ಸರಿಯಾಗಿ ಕಾಣುವುದಿಲ್ಲ. ಹದಿನೈದರಲ್ಲಿ ಕಲ್ಲು ಕೀಳುವ ಮೊದಲು ಅವನು ಒಬ್ಬ ದೊಡ್ಡವನ ಮುಖ ನೋಡಿದ್ದನು.

ಈಚೆಗೆ ಎರಡು ಮನೆಯವರೂ ಸೇರಿ ಹದ್ದುಬಸ್ತಿಗೆ ಅರ್ಜಿ ಹಾಕಿದರು. ಭೂಮಾಪಕರು ಬಂದು ಸರಪಣಿ ಹಿಡಿದು ಅಳೆದರು. ವ್ಯಾಜ್ಯವಿದ್ದ ಪಟ್ಟಿ ಮುನ್ನೂರು ಅಡಿ ಉದ್ದ, ಒಂದು ಮೊಳ ಅಗಲ. ಅರ್ಧ ಗುಂಟೆಗೂ ಕಡಿಮೆ. ಒಳ್ಳೆಯ ಮಳೆಯಾದ ವರ್ಷ ಅದರಲ್ಲಿ ಹತ್ತು ಸೇರು ರಾಗಿ ಆದೀತು. ಕಲ್ಲು ನೆಟ್ಟ ದಿನ ಇಬ್ಬರು ಯಜಮಾನರೂ ಮಾತಾಡಲಿಲ್ಲ. ಹಾರೆ ಹಿಡಿದವರು ಮಾತ್ರ ಅವರಿಬ್ಬರೇ.

ಹೊಡೆದ ಹುಡುಗನನ್ನು ಮಂಡಳಿಯು ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ತಾಯಿತಂದೆಯ ವಶಕ್ಕೆ ಕೊಟ್ಟಿದೆ. ವಿಚಾರಣೆ ನಡೆಯುತ್ತಿದೆ. ತಿಂಗಳಿಗೊಮ್ಮೆ ತಂದೆಯೇ ಅವನೊಡನೆ ಜಿಲ್ಲಾ ಕೇಂದ್ರಕ್ಕೆ ಆಪ್ತ ಸಲಹೆಗೆ ಹೋಗಿಬರುತ್ತಾರೆ. ಉಳಿದ ಎರಡು ವಿಷಯಕ್ಕೆ ಪರೀಕ್ಷೆ ಕಟ್ಟಿಸಿದ್ದಾರೆ. ಪಡುವಲ ಮನೆಯ ಹುಡುಗ ಕಾಲೇಜಿಗೆ ಹೋಗುತ್ತಿದ್ದಾನೆ. ಬಲಗಿವಿ ಉಪನ್ಯಾಸಕರ ಕಡೆಗೆ ಇರಲೆಂದು ಎಡಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಾನಂತೆ.

ಮುಂಗಾರಿನ ಉಳುಮೆಗೆ ಇನ್ನು ಹೆಚ್ಚು ದಿನವಿಲ್ಲ. ಬದುವಿನ ತಕರಾರು ಇರುವವರು ಉಳುಮೆಗೆ ಮೊದಲೇ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡುವುದು ಲೇಸು. ಅರ್ಜಿ ಬರೆಯಲು ಬಾರದವರು ಸಂತೆಯ ದಿನ ಸಾಯಂಕಾಲ ಪಂಚಾಯಿತಿ ಕಟ್ಟೆಯಲ್ಲಿ ನನ್ನನ್ನು ಕಾಣಬಹುದು. ಬರುವಾಗ ಪಹಣಿಯನ್ನು ತನ್ನಿ. ಅದು ನನ್ನ ಇಲಾಖೆಯ ಕೆಲಸವಲ್ಲ, ಆದರೂ ಬರೆದುಕೊಡುತ್ತೇನೆ. ಮಕ್ಕಳ ಕಷ್ಟಕ್ಕೆ, ಮಕ್ಕಳಿಂದಾದ ಕಷ್ಟಕ್ಕೆ ಯಾರಲ್ಲಿ ಹೇಳಬೇಕೆಂದು ತೋಚದಿದ್ದರೆ 1098ಕ್ಕೆ ಫೋನು ಮಾಡಿ, ಕಾಸು ಬೀಳುವುದಿಲ್ಲ. ಬೆಂಕಿ ರೋಗದ ವಿಚಾರ ಮುಂದಿನ ಸಂಚಿಕೆಯಲ್ಲಿ.