ಸಂಘದ ಸಭೆಗೆ ಪಾಠ: ರಾತ್ರಿ ಹೊತ್ತು ಬೆಂಗಳೂರಿಗೆ ಇಳಿದಾಗ



ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಕಡೆಯ ನಮ್ಮ ಸಂಘಗಳ ಅಕ್ಕತಂಗಿಯರು ಬೆಂಗಳೂರಿಗೆ ಹೋಗೋದು ಈಗ ಹೊಸದೇನಲ್ಲ. ಕಿದ್ವಾಯಿಗೋ ನಿಮ್ಹಾನ್ಸ್‌ಗೋ ರೋಗಿ ಕರ್ಕೊಂಡು ಹೋಗ್ತೀವಿ. ಗಾರ್ಮೆಂಟ್ಸ್‌ನಲ್ಲಿರೋ ಮಗಳನ್ನು ನೋಡೋಕೆ, ಮೊಮ್ಮಗುವಿನ ನಾಮಕರಣಕ್ಕೆ ಹೋಗ್ತೀವಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹೋಗೋದು ಸುಲಭ ಆಯ್ತು. ಆದರೆ ಮಧ್ಯಾಹ್ನ ಮನೆ ಕೆಲಸ ಮುಗಿಸಿ ಹೊರಟು, ದಾರಿಯಲ್ಲಿ ಬಸ್ ತಡವಾದರೆ, ಇಳಿಯುವಾಗ ರಾತ್ರಿ ಹತ್ತು ಗಂಟೆ. ಕೈಯಲ್ಲಿ ಚೀಲ, ಸೊಂಟದಲ್ಲಿ ಸಂಘದಿಂದ ತೆಗೆದ ಸಾಲದ ದುಡ್ಡು. ಆಗ ಏನು ಮಾಡಬೇಕು?

ಈ ಪಾಠ ಯಾರನ್ನೂ ಹೆದರಿಸಿ ಮನೇಲಿ ಕೂರಿಸೋಕೆ ಅಲ್ಲ. ತಿಳಿದುಕೊಂಡು ಧೈರ್ಯವಾಗಿ ಹೋಗಿ ಬರೋಕೆ.

1. ಹೊರಡುವ ಮೊದಲು

ಸಾಧ್ಯವಾದಷ್ಟೂ ಬೆಳಿಗ್ಗೆಯ ಬಸ್ಸಿಗೇ ಹೊರಡಿ. ಹಗಲು ಇಳಿಯುವುದೇ ಮೊದಲನೇ ರಕ್ಷಣೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇಟ್ಟುಕೊಳ್ಳಿ. ಶಕ್ತಿ ಟಿಕೆಟ್ಟಿಗೂ ಅದು ಬೇಕು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಈ ಯೋಜನೆ ಇಲ್ಲ.

ಹೋಗುವ ಮನೆಯ ವಿಳಾಸ ಮತ್ತು ಮೂರು ಫೋನ್ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. "ಫೋನಲ್ಲೇ ಇದೆಯಲ್ಲ" ಅಂತೀವಿ. ಚಾರ್ಜ್ ಮುಗಿದರೆ ಅಥವಾ ಫೋನೇ ಕಳೆದುಹೋದರೆ ಮಗನ ನಂಬರ್ ಕೂಡ ನೆನಪಿಗೆ ಬರಲ್ಲ. ಓದು ಬಾರದ ಸದಸ್ಯೆಗೆ ಈ ಚೀಟಿಯನ್ನು ಸಂಘದ ಪ್ರತಿನಿಧಿ ಬರೆದುಕೊಡಬೇಕು.

ದುಡ್ಡು ಒಂದೇ ಕಡೆ ಇಡಬೇಡಿ. ಆಟೋಗೆ, ಊಟಕ್ಕೆ ಬೇಕಾದ್ದು ಪರ್ಸಿನಲ್ಲಿರಲಿ. ಉಳಿದದ್ದು ಒಳಗೆ ಭದ್ರವಾಗಿರಲಿ. ಆಸ್ಪತ್ರೆಗೆ ದೊಡ್ಡ ಮೊತ್ತ ಬೇಕಾದರೆ ಬ್ಯಾಂಕ್ ಖಾತೆಯಲ್ಲೇ ಬಿಟ್ಟು, ಅಲ್ಲಿ ಹೋದ ಮೇಲೆ ತೆಗೆಯುವುದು ಒಳ್ಳೆಯದು. ಸಾಲದ ದುಡ್ಡು ಕಳುವಾದರೂ ಕಂತು ನಿಲ್ಲೋದಿಲ್ಲ.

2. ಎಲ್ಲಿ ಇಳಿಯಬೇಕು?

ಮಂಡ್ಯ ದಾರಿಯಲ್ಲಿ ಬರುವ ಕೆಲವು ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲೇ ಕೊನೆಯಾಗುತ್ತವೆ, ಕೆಲವು ಮೆಜೆಸ್ಟಿಕ್‌ಗೆ ಹೋಗುತ್ತವೆ. ಹತ್ತುವಾಗಲೇ ಕಂಡಕ್ಟರನ್ನು ಕೇಳಿ. ನಾಗಮಂಗಲ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ದಾರಿಯಲ್ಲಿ ಬಂದವರು ಯಶವಂತಪುರದ ಕಡೆಯಿಂದ ಊರು ಸೇರುತ್ತಾರೆ.

ರಾತ್ರಿ ಹೊತ್ತು ರಸ್ತೆ ಮಧ್ಯೆ, ಫ್ಲೈಓವರ್ ಕೆಳಗೆ ಇಳಿಯಬೇಡಿ. ನಾಲ್ಕು ಹೆಜ್ಜೆ ಹತ್ತಿರ ಅಂತ ಕತ್ತಲಲ್ಲಿ ಇಳಿಯೋದಕ್ಕಿಂತ, ದೀಪ, ಜನ, ಪೊಲೀಸರು ಇರುವ ದೊಡ್ಡ ನಿಲ್ದಾಣದಲ್ಲೇ ಇಳಿಯುವುದು ಮೇಲು.

ಮೆಟ್ರೋ ರೈಲು ರಾತ್ರಿ ಸುಮಾರು 11 ಗಂಟೆವರೆಗೆ ಇರುತ್ತದೆ. ದೀಪ, ಕ್ಯಾಮೆರಾ, ಕಾವಲುಗಾರರು ಇರುವುದರಿಂದ ಹೆಂಗಸರಿಗೆ ಅನುಕೂಲ. ನೇರಳೆ ಮಾರ್ಗ ಮತ್ತು ಹಸಿರು ಮಾರ್ಗ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. ಯಶವಂತಪುರದಲ್ಲಿ ಸಿಗುವುದು ಹಸಿರು ಮಾರ್ಗ. ಶಕ್ತಿ ಯೋಜನೆ ಮೆಟ್ರೋಗೆ ಇಲ್ಲ, ಟಿಕೆಟ್ ತಗೋಬೇಕು.

3. ಆಟೋ ಬಾಡಿಗೆಯ ಲೆಕ್ಕ

2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೋಗೆ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 18 ರೂಪಾಯಿ ಎಂದು ನಿಗದಿಯಾಗಿದೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು.

ಉದಾಹರಣೆಗೆ 6 ಕಿಲೋಮೀಟರ್ ಹೋಗಬೇಕು. ಮೊದಲ 2ಕ್ಕೆ 36, ಉಳಿದ 4ಕ್ಕೆ 72, ಒಟ್ಟು 108 ರೂಪಾಯಿ. ರಾತ್ರಿ 11 ಗಂಟೆಗಾದರೆ 162. ಈ ಲೆಕ್ಕ ಗೊತ್ತಿದ್ದರೆ 500 ಕೇಳಿದವನಿಗೆ "ಮೀಟರ್ ಹಾಕಪ್ಪ" ಅಂತ ಹೇಳೋಕೆ ಬಾಯಿ ಬರುತ್ತೆ. ಒಪ್ಪದಿದ್ದರೆ ಇನ್ನೊಂದು ಆಟೋ ನೋಡಿ. ಪ್ರೀಪೇಡ್ ಆಟೋ ಕೌಂಟರ್ ತೆರೆದಿದ್ದರೆ ಅಲ್ಲೇ ಚೀಟಿ ಮಾಡಿಸಿ.

ಡ್ರೈವರ್ ಪಕ್ಕ ಇನ್ನೊಬ್ಬ ಕೂತಿದ್ದರೆ ಹತ್ತಬೇಡಿ. ಹತ್ತುವ ಮೊದಲು ಗಾಡಿ ನಂಬರನ್ನು ಮನೆಯವರಿಗೆ ಫೋನಿನಲ್ಲಿ ಜೋರಾಗಿಯೇ ಹೇಳಿ. ಡ್ರೈವರ್ ಕೇಳಿಸಿಕೊಳ್ಳಲಿ, ತಪ್ಪಿಲ್ಲ. ನಿಯತ್ತಿನ ಡ್ರೈವರ್ ಬೇಜಾರು ಮಾಡಿಕೊಳ್ಳಲ್ಲ.

4. ನಂಬಿ ಹತ್ತಿದ ಗಾಡಿ

2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಒಂದರ ಉದ್ಯೋಗಿ ರಾತ್ರಿ ಪಾಳಿಗೆ ಹೊರಟಿದ್ದರು. ದಿನಾ ನಿಗದಿಯಾದ ಡ್ರೈವರ್ ಬದಲು ಬೇರೊಬ್ಬ ಡ್ರೈವರ್ ಬಂದು, ತಾನೇ ಕರೆದೊಯ್ಯುವುದಾಗಿ ನಂಬಿಸಿದ. ಆ ಹೆಣ್ಣುಮಗಳು ಕೆಲಸಕ್ಕೆ ತಲುಪಲೇ ಇಲ್ಲ. ಅತ್ಯಾಚಾರ, ಕೊಲೆ ನಡೆದುಹೋಗಿತ್ತು. 2010ರಲ್ಲಿ ನ್ಯಾಯಾಲಯ ಆ ಡ್ರೈವರ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ಆಕೆ ಓದಿದವರು, ಇದೇ ಊರಲ್ಲಿ ದುಡಿಯುತ್ತಿದ್ದವರು. ತಪ್ಪು ಆಕೆಯದಲ್ಲ, ಮೋಸ ಮಾಡಿದವನದು. "ರಾತ್ರಿ ಯಾಕೆ ಹೋದ್ಳು?" ಎಂಬ ಮಾತು ನಮ್ಮ ಸಂಘಗಳಲ್ಲಿ ಬರಬಾರದು. ನಾವು ಕಲಿಯಬೇಕಾದ್ದು ಇಷ್ಟು: "ನಿಮ್ಮ ಮಗ ಕಳಿಸಿದ್ದಾನೆ, ಬನ್ನಿ" ಎಂದು ಯಾರೇ ಕರೆದರೂ ಮಗನಿಗೆ ಫೋನ್ ಮಾಡದೆ ಹತ್ತಬಾರದು. ಮೊಬೈಲಿನಲ್ಲಿ ಬುಕ್ ಮಾಡಿದ ಗಾಡಿಯಾದರೆ, ಫೋನಿನಲ್ಲಿ ತೋರಿಸುವ ನಂಬರೂ ಗಾಡಿಯ ನಂಬರೂ ಒಂದೇ ಇರಬೇಕು.

"ಒಳ್ಳೆ ಕೆಲಸ ಕೊಡಿಸ್ತೀನಿ, ರೂಮ್ ಇದೆ" ಎಂದು ನಿಲ್ದಾಣದಲ್ಲಿ ಮಾತಿಗೆಳೆಯುವವರ ಜೊತೆ ಹೋಗಬೇಡಿ. ಅವರು ಹೆಂಗಸರೇ ಆಗಿರಬಹುದು. ವಯಸ್ಸಿನ ಹೆಣ್ಣುಮಕ್ಕಳನ್ನು ಒಬ್ಬರೇ ಕಳಿಸುವಾಗ ಇದನ್ನು ಬಿಡಿಸಿ ಹೇಳಿ.

5. ತುಂಬಾ ತಡವಾದರೆ

ಸರಿರಾತ್ರಿ ಆಗಿದ್ದರೆ ಗೊತ್ತಿಲ್ಲದ ಬಡಾವಣೆಯಲ್ಲಿ ಮನೆ ಹುಡುಕುತ್ತಾ ಅಲೆಯಬೇಡಿ. ಮನೆಯವರೇ ನಿಲ್ದಾಣಕ್ಕೆ ಬರಲಿ. ಅದಾಗದಿದ್ದರೆ ನಿಲ್ದಾಣದೊಳಗೆ, ಬೇರೆ ಕುಟುಂಬಗಳು ಕೂತಿರುವ ಕಡೆ ಕೂತು ಬೆಳಕು ಹರಿಸಿ. ರೈಲು ಟಿಕೆಟ್ ಇದ್ದವರು ಹೆಂಗಸರ ವೇಟಿಂಗ್ ರೂಮ್ ಕೇಳಬಹುದು. ಗೊತ್ತಿಲ್ಲದವರು ಕೊಟ್ಟ ಟೀ, ಬಿಸ್ಕತ್ತು ಬೇಡ. ನಾಲ್ಕು ಗಂಟೆ ನಿದ್ದೆ ಕೆಟ್ಟರೆ ನಷ್ಟವೇನಿಲ್ಲ.

6. ತೊಂದರೆ ಬಂದರೆ

ಈ ನಂಬರ್‌ಗಳನ್ನು ಮನೆಯ ಗೋಡೆ ಮೇಲೂ ಬರೆದಿಡಿ:
- ಪೊಲೀಸ್ ಮತ್ತು ಎಲ್ಲ ತುರ್ತಿಗೆ: 112
- ಮಹಿಳಾ ಸಹಾಯವಾಣಿ: 181
- ಮಕ್ಕಳ ಸಹಾಯವಾಣಿ: 1098
- ರೈಲಿನಲ್ಲಿ: 139

ಆಟೋ ಬೇರೆ ದಾರಿ ಹಿಡಿದರೆ ಸುಮ್ಮನೆ ಕೂರಬೇಡಿ. ಜೋರಾಗಿ ಕೇಳಿ, 112ಕ್ಕೆ ಫೋನ್ ಮಾಡಿ, ಗಾಡಿ ನಿಂತ ಕಡೆ ಇಳಿದು ಅಂಗಡಿಯ ಬೆಳಕಿಗೆ ಹೋಗಿ. ಚೀಲ ಕಿತ್ತುಕೊಂಡರೆ ಬಿಟ್ಟುಬಿಡಿ. ಜೀವಕ್ಕಿಂತ ದುಡ್ಡು ದೊಡ್ಡದಲ್ಲ.

"ಇದು ನಮ್ಮ ಠಾಣೆಗೆ ಬರಲ್ಲ" ಎಂದರೆ ವಾಪಸ್ ಬರಬೇಡಿ. ಶಿಕ್ಷಾರ್ಹ ಗಂಭೀರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಇದಕ್ಕೆ ಜೀರೋ ಎಫ್.ಐ.ಆರ್. ಎನ್ನುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದಕ್ಕೆ ಅವಕಾಶವಿದೆ. ಎಫ್.ಐ.ಆರ್. ಪ್ರತಿಯನ್ನು ದುಡ್ಡಿಲ್ಲದೆ ಕೊಡಬೇಕು.

ಚಿಂತನೆ

ಯೇಸುಸ್ವಾಮಿ ಹೇಳಿದ ಒಳ್ಳೆಯ ಸಮಾರಿಯದವನ ಸಾಮತಿ ನಮಗೆ ಗೊತ್ತು. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕವನನ್ನು ನೋಡಿಯೂ ಇಬ್ಬರು ದಾಟಿ ಹೋದರು, ಪರಊರಿನವನೊಬ್ಬ ನಿಂತ. ಯಾವ ಜಾತಿ, ಯಾವ ಮತವೇ ಇರಲಿ, ರಾತ್ರಿ ನಿಲ್ದಾಣದಲ್ಲಿ ಒಬ್ಬಳೇ ಗಾಬರಿಯಾಗಿ ನಿಂತ ಹೆಣ್ಣುಮಗಳನ್ನು ಕಂಡರೆ "ಎಲ್ಲಿಗವ್ವ ಹೋಗ್ಬೇಕು?" ಅಂತ ಒಂದು ಮಾತು ಕೇಳೋಣ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಮ್ಮ ಸಂಘದಲ್ಲಿ ಯಾರು ಯಾರು ಬೆಂಗಳೂರಿಗೆ ಹೋದಿರಿ? ರಾತ್ರಿ ಆದಾಗ ಏನು ಮಾಡಿದಿರಿ?
2. 9 ಕಿಲೋಮೀಟರ್‌ಗೆ ಹಗಲು ಎಷ್ಟು, ರಾತ್ರಿ ಎಷ್ಟು ಆಟೋ ಬಾಡಿಗೆ? ಎಲ್ಲರೂ ಲೆಕ್ಕ ಹಾಕಿ.
3. ನೋಡದೆ ಹೇಳಬಲ್ಲ ಫೋನ್ ನಂಬರ್ ನಿಮಗೆ ಎಷ್ಟಿವೆ?

ಸಭೆಯ ತೀರ್ಮಾನ

ಮುಂದಿನ ಸಭೆಯೊಳಗೆ ಪ್ರತಿ ಸದಸ್ಯೆಯ ಹತ್ತಿರ ವಿಳಾಸದ ಚೀಟಿ ಇರಬೇಕು. ದೂರದ ಊರಿಗೆ ಹೋಗುವವರು ಸಂಘದ ಒಬ್ಬರಿಗೆ ತಿಳಿಸಿ ಹೋಗಬೇಕು; ತಲುಪಿದ ಮೇಲೆ ಒಂದು ಫೋನ್ ಮಾಡಬೇಕು. ಫೋನ್ ಬರುವವರೆಗೆ ಆ ಸದಸ್ಯೆ ಎಚ್ಚರವಾಗಿರಬೇಕು. ಇದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ.