ದರೋಡೆ ನೊಣಕ್ಕೆ ಹೆಸರಿಡುವ ಮುನ್ನ

ಬದುವಿನ ಒಣಕಡ್ಡಿಯ ತುದಿಯಲ್ಲಿ ಕಾದು ಕೂತು, ಹಾರಿಹೋಗುವ ಕೀಟವನ್ನು ಗಾಳಿಯಲ್ಲೇ ಹಿಡಿದು, ಹಲವು ಸಲ ಅದೇ ಕಡ್ಡಿಗೆ ಮರಳುವ ರಾಬರ್ ಫ್ಲೈ, ಅಂದರೆ ದರೋಡೆ ನೊಣ, ಫೋಟೊ ತೆಗೆಯುವವರಿಗೆ ಸಲೀಸಾಗಿ ಸಿಗುವ ಜೀವಿ. ಅದರ ಕುಟುಂಬ ಗುರುತಿಸುವುದೂ ಸುಲಭ: ಎರಡು ಕಣ್ಣುಗಳ ನಡುವೆ ನೆತ್ತಿಯಲ್ಲಿ ತಗ್ಗು, ಮುಖದ ಮೇಲೆ ಬಿರುಗೂದಲಿನ ಮೀಸೆ, ಬೇಟೆಗೆ ಚುಚ್ಚುವ ಗಡುಸಾದ ಸೂಜಿಬಾಯಿ. ತೊಡಕು ಶುರುವಾಗುವುದು ಆಮೇಲೆ. ಜಗತ್ತಿನಲ್ಲಿ ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಎಷ್ಟೋ ಬೂದು-ಕಂದು ಬಣ್ಣದವು, ಒಂದರಂತೆ ಇನ್ನೊಂದು. ಇಲ್ಲಿ ಒಂದು ಚೆಂದದ ಫೋಟೊಗಿಂತ ನಾಲ್ಕು ಸಪ್ಪೆ ಫೋಟೊಗಳೇ ಮೇಲು.

ಮೊದಲು ಬಣ್ಣದ ಮೇಲಿನ ನಂಬಿಕೆ ಬಿಡಬೇಕು. ವಯಸ್ಸಾದಂತೆ ಮೈಮೇಲಿನ ಕೂದಲು, ಧೂಳಿನಂಥ ಲೇಪ ಸವೆಯುತ್ತವೆ. ಗಂಡು ಹೆಣ್ಣುಗಳ ಬಣ್ಣ ಬೇರೆ ಇರಬಹುದು. ಬಿಸಿಲು ಏರಿದರೆ ಕ್ಯಾಮೆರಾ ಕಂದು ಬಣ್ಣವನ್ನೇ ಹಳದಿ ಮಾಡುತ್ತದೆ. ನೆಚ್ಚಬೇಕಾದದ್ದು ರಚನೆಯನ್ನು. ಮೇಲಿನಿಂದ ತೆಗೆದ ಫೋಟೊದಲ್ಲಿ ರೆಕ್ಕೆ ತುದಿಯವರೆಗೂ ಸ್ಪಷ್ಟವಾಗಿರಲಿ. ನಾಳಗಳ ನಡುವಿನ ಕೋಣೆಗಳಲ್ಲಿ, ಮುಂದಿನ ಅಂಚಿನ ಕೋಣೆಗೆ ತಾಗಿ ಹಿಂದೆ ಬರುವವನ್ನು ಎಣಿಸಿ: ಪ್ರೊಮಾಕಸ್ ಕುಲದಲ್ಲಿ ಅವು ಮೂರು, ಒಮ್ಮಾಟಿಯಸ್‌ನಲ್ಲಿ ಎರಡು. ಮೂರು ಕಂಡೊಡನೆ ಪ್ರೊಮಾಕಸ್ ಎಂದು ಬರೆದುಕೊಳ್ಳಬೇಡಿ, ಫಿಲೋಡಿಕಸ್‌ಗೂ ಮೂರೇ. ಆಗ ಪಕ್ಕದಿಂದ ತೆಗೆದ ಎರಡನೆಯ ಫೋಟೊ ಬೇಕು; ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮುಳ್ಳುಗಳ ಬಳೆ ಇದ್ದರೆ ಅದು ಫಿಲೋಡಿಕಸ್ ಕಡೆಗೆ ಬೆರಳು ತೋರುತ್ತದೆ. ಮೂರನೆಯದು ಎದುರಿನಿಂದ, ಮುಖಕ್ಕೆ ನೇರವಾಗಿ: ಒಮ್ಮಾಟಿಯಸ್‌ನ ಕುಡಿಮೀಸೆಯ ಕೊನೆಯ ಎಳೆ ಬಾಚಣಿಗೆಯಂತೆ ಕೂದಲು ತಳೆದಿರುತ್ತದೆ. ನಾಲ್ಕನೆಯದು ಕಾಲುಗಳದ್ದು. ಕಡ್ಡಿಯಂತೆ ಸಣಕಲಾದ ಲೆಪ್ಟೊಗ್ಯಾಸ್ಟರ್‌ಗೆ ಉಗುರುಗಳ ಕೆಳಗಿನ ಮೆತ್ತೆಗಳೇ ಇಲ್ಲ.

ಬಣ್ಣ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಹೈಪರೆಕಿಯಾ ಸಾಕು. ಮರ ಕೊರೆಯುವ ಕಪ್ಪು ದುಂಬಿಯ ವೇಷದಲ್ಲೇ ಓಡಾಡುವ ಈ ದರೋಡೆ ನೊಣದ ಮರಿಹುಳುಗಳು ಆ ದುಂಬಿಯ ಮರಿಗಳನ್ನೇ ತಿನ್ನುತ್ತವೆ. ಎರಡೇ ರೆಕ್ಕೆ, ನೆತ್ತಿಯ ತಗ್ಗು ನೋಡದವರು ಇದನ್ನು ದುಂಬಿಯೆಂದೇ ಬರೆದಿಡುತ್ತಾರೆ.

ಮೊಬೈಲ್ ಆ್ಯಪ್ ಕ್ಷಣದಲ್ಲಿ ಹೆಸರು ಹೇಳುವಾಗ ಈ ಪಾಡೇಕೆ ಎನ್ನಬಹುದು. ಆ್ಯಪ್ ಕಲಿತಿರುವುದು ಜನ ಹಾಕಿದ ಫೋಟೊಗಳಿಂದ. ಅಲ್ಲಿ ತಪ್ಪು ಹೆಸರು ಸೇರಿದರೆ ಆ್ಯಪ್ ಆ ತಪ್ಪನ್ನೇ ಧೈರ್ಯವಾಗಿ ಹೇಳುತ್ತದೆ. ಕುಲದ ಮಟ್ಟಿಗೆ ಅದರ ಸೂಚನೆ ಪಡೆಯಿರಿ, ಪ್ರಭೇದಕ್ಕೆ ಸಾಕ್ಷಿ ಕೇಳಿ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಅನೇಕ ಪ್ರಭೇದಗಳನ್ನು ಬೇರ್ಪಡಿಸುವುದು ಗಂಡಿನ ಜನನಾಂಗದ ಆಕಾರ, ಅದಕ್ಕೆ ಸೂಕ್ಷ್ಮದರ್ಶಕ ಬೇಕು, ಹಾಗಿದ್ದರೆ ಫೋಟೊದಿಂದೇನು ಫಲ? ಆ ಮಾತು ನಿಜ, ಆದರೆ ಪೂರ್ತಿ ನಿಜವಲ್ಲ. ಕೂರುವ ಜಾಗ, ಹಿಡಿದ ಬೇಟೆ, ಜೀವಂತ ಕಣ್ಣಿನ ಹೊಳಪು ಸೂಜಿಗೆ ಚುಚ್ಚಿಟ್ಟ ಒಣ ನೊಣದಲ್ಲಿ ಉಳಿಯುವುದಿಲ್ಲ. ಆದ್ದರಿಂದ ದಿನಾಂಕ, ಸ್ಥಳ, ಕೂತಿದ್ದ ಗಿಡವನ್ನು ಫೋಟೊ ಜೊತೆಗೆ ಬರೆದಿಡಿ. ರೆಕ್ಕೆ ಮಸುಕಾಗಿ, ಹೊಟ್ಟೆಯ ತುದಿ ಮರೆಯಾಗಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ, ನಾಲ್ಕೂ ಫೋಟೊಗಳನ್ನು ಕತ್ತರಿಸದೆ ಇಟ್ಟುಕೊಳ್ಳಿ. ಕತ್ತರಿಸುವಾಗ ಮೊದಲು ಹೋಗುವುದು ಆ ರೆಕ್ಕೆಯ ತುದಿಯೇ.